ಕಾಂಡದಿಂದ ಅರ್ಧ ಗೇಣು

ಜೂನ್ ೧೪, ಶನಿವಾರ

ನಾನೊಂದು ಕೊಲೆ ಮಾಡಿದ್ದೇನೆ. ಸತ್ತದ್ದು ಪಕ್ಕದ ಮನೆ ಸುಮಿತ್ರಮ್ಮನವರ ಈರನಗೆರೆ ಬದನೆ ಗಿಡ. ಬಸುರಿ ಮಗಳ ಎಣ್ಣೆಗಾಯಿಗೆಂದು ಬೆಳೆಸಿದ್ದು. ಅದನ್ನು ನನಗೊಪ್ಪಿಸಿ ಅವರು ಊರಿಗೆ ಹೋಗಿದ್ದಾಗ ಒಂದು ಹಿಡಿ ಯೂರಿಯಾವನ್ನು ಬುಡಕ್ಕೇ ಸುರಿದೆ. ಮೂರೇ ದಿನಕ್ಕೆ ಸುಟ್ಟುಹೋಯಿತು.

ಇವತ್ತು ಬಂದವರು, “ಏನಾಯ್ತ್ರೀ ಇದಕ್ಕೆ?” ಎಂದರು.

“ಬಿಸಿಲು ಕಣ್ರೀ,” ಎಂದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಗೊಬ್ಬರದ ವಿಷಯದಲ್ಲಿ ಈ ಬೀದಿಗೇ ನಾನು ಪಂಡಿತ. ಕಾಂಡದಿಂದ ಅರ್ಧ ಗೇಣು ದೂರ, ಸುತ್ತ ಗೀರಿ, ಒಂದೇ ಚಮಚ ಹಾಕಿ ಮಣ್ಣು ಮುಚ್ಚಬೇಕೆಂದು ಪಾಠ ಮಾಡಿದೆ.

ಪೂರ್ತಿ ಕೇಳಿಸಿಕೊಂಡು, “ಚೆನ್ನಾಗಿ ನೆನಪಿಟ್ಕೊಂಡಿದ್ದೀರಿ ಬುಡಿ,” ಎಂದು ಒಳಗೆ ಹೋದರು.

ಊರಿಗೆ ಹೊರಟ ದಿನ ಗೇಟಿನ ಬಳಿ ನಿಂತು ಈ ಪಾಠವನ್ನು ನನಗೆ ಹೇಳಿಕೊಟ್ಟವರೇ ಅವರು. ಆಗ ನಾನು, “ಅದೆಲ್ಲ ಗೊತ್ತು, ಹೋಗ್ಬನ್ನಿ,” ಎಂದಿದ್ದೆ.