ಗಡಿಕಲ್ಲಿನ ಬಳಿ ಎಡಕ್ಕೆ

ಪವಾಯಿ,
ಬುಧವಾರ, 10 ಡಿಸೆಂಬರ್ 2025

ಪ್ರೀತಿಯ ಧಾತ್ರಿ,

ಫೋನ್ ಮಾಡಿದರೆ "ಅಮ್ಮ, ಭಾಷಣ ಬೇಡ" ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಅನುಕೂಲವಿಲ್ಲ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿಧಾನವಾಗಿ ಓದು. ನನಗೆ ಭಯವಾಗಿದೆ.

ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಬಂದ ಭಾಗವ್ವ ಪಾತ್ರೆ ಮುಟ್ಟಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನಮ್ಮ ಬಿಲ್ಡಿಂಗಿನ ಹಿಂದಿನ ಗುಡ್ಡದ ಬುಡದಲ್ಲಿ ಅವರ ಜೋಪಡಿಗಳಿವೆಯಲ್ಲ, ಅದರಾಚೆಯ ನಲ್ಲಿಗೆ ಆರು ಗಂಟೆಗೆ ನೀರು ಬರುತ್ತದೆ. ಕೊಡ ಹಿಡಿದು ಹೋದವಳ ಎದುರಿಗೆ, ಹತ್ತು ಹೆಜ್ಜೆ ದೂರದಲ್ಲಿ ಚಿರತೆ. ಬಾಯಲ್ಲಿ ಅದರದೇ ಮರಿ.

"ಮರಿ ಬಾಯಾಗಿತ್ತು ಅಂತ ಉಳದೀನ್ರೀ ಅಮ್ಮಾರ. ಬಾಯಿ ಖಾಲಿ ಇದ್ದಿದ್ರ ಇಲ್ಲಿ ಕುಂತು ನಿಮ್ಮ ಸಪ್ಪನ್ನ ಚಾ ಕುಡೀತಿದ್ನೇನ್ರೀ?" ಎಂದು ನಕ್ಕಳು.

ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಗಾರ್ಡ್ ಸ್ನೇಹಲ್ ಬಂದಳು. ನಿನಗಿಂತ ಚಿಕ್ಕವಳು. ನಲ್ಲಿಯ ಹಿಂದಿನ ಮುಳ್ಳುಪೊದೆಯ ಸುತ್ತ ಹೆಜ್ಜೆಗಳನ್ನು ನೋಡಿ, ತಾಯಿ ಎರಡು ಮರಿಗಳನ್ನೂ ಅಲ್ಲಿಗೇ ತಂದಿದೆ ಎಂದಳು. "ಆಂಟಿ, ಮೇಲಿನ ಜಾಗದಲ್ಲಿ ಯಾರೋ ಗದ್ದಲ ಮಾಡಿದ್ದಾರೆ. ಇಲ್ಲದಿದ್ದರೆ ಮರಿ ಇರುವ ತಾಯಿ ಇಷ್ಟು ಕೆಳಗೆ ಬರುವುದಿಲ್ಲ."

ಮಧ್ಯಾಹ್ನ ಅವಳ ಜೊತೆ ಗುಡ್ಡ ಹತ್ತಿದೆ. ಒಣಗಿದ ಹಳ್ಳದ ತುಂಬ ಅಗಲ ಚಕ್ರಗಳ ಗುರುತು. ಕವಳಿ ಪೊದೆಗಳು ನೆಲಕ್ಕೆ ಒರಗಿವೆ. ಕಲ್ಲುಗಳ ಮೇಲೆ ಎಂಜಿನ್ ಎಣ್ಣೆ. ದೊಡ್ಡ ಬಂಡೆಯ ಕೆಳಗಿನ ಪೊಟರೆಯ ಬಾಯಿವರೆಗೂ ಟೈರು ಹೋಗಿದೆ. 1988ರಲ್ಲಿ ನಿನ್ನ ಅಪ್ಪ ಆ ಪೊಟರೆ ತೋರಿಸಿ, "ಇದು ಬಾಣಂತಿ ಕೋಣೆ, ದೂರದಿಂದಲೇ ನಮಸ್ಕಾರ ಮಾಡು" ಎಂದಿದ್ದರು.

ದಾರಿಯುದ್ದಕ್ಕೂ ಹಳದಿ ಬಣ್ಣದ ಬಾಣಗಳು. ಒಡೆದ ಪೈಪಿನ ಮೇಲೊಂದು. ಜೋಡಿ ಮುತ್ತುಗದ ಮರಕ್ಕೊಂದು. ಗಡಿಕಲ್ಲಿನ ಮೇಲಿನ ಬಾಣ ಎಡಕ್ಕೆ ತಿರುಗಿತ್ತು.

ಆಗಸ್ಟಿನಲ್ಲಿ ಇಲ್ಲಿನ ಕನ್ನಡ ಸಂಘದ ಮಾಸಪತ್ರಿಕೆಗೆ ನಾನು ಬರೆದ ಲೇಖನ ನೆನಪಿದೆಯಲ್ಲ? ಆ ಗುಡ್ಡ ಯಾವ ಬಿಲ್ಡರನದೂ ಅಲ್ಲ, ಎಲ್ಲರದು ಎಂದು ಸಾಧಿಸುವ ಸಿಟ್ಟಿನಲ್ಲಿ ಹಳೆಯ ಗಾಡಿದಾರಿಯನ್ನು ಗುರುತು ಗುರುತಾಗಿ ಬರೆದಿದ್ದೆ. ಒಡೆದ ಪೈಪು, ಜೋಡಿ ಮುತ್ತುಗ, ಗಡಿಕಲ್ಲಿನ ಬಳಿ ಎಡಕ್ಕೆ. ಓದಿದ ದಿನ ನೀನು ಫೋನ್ ಮಾಡಿ, "ಅಮ್ಮ, ಫುಲ್ ಓದಿದೆ, ಒಂದೇ ಸಿಟ್ಟಿಂಗ್‌ನಲ್ಲಿ" ಎಂದಿದ್ದೆ. ಅದನ್ನು ನಾನು ಆರು ಜನರಿಗೆ ಹೇಳಿಕೊಂಡು ತಿರುಗಿದ್ದೆ.

ಧಾತ್ರಿ, ಗಾಡಿದಾರಿ ತಿರುಗುವುದು ಬಲಕ್ಕೆ. ಬಲಕ್ಕೆ ಹೋದರೆ ಹಳೆಯ ಕಲ್ಲುಗಣಿ. ಎಡಕ್ಕೆ ಹಳ್ಳ ಮತ್ತು ಪೊಟರೆ ಬಿಟ್ಟು ಏನೂ ಇಲ್ಲ. ಯಾವ ಮಂತ್ರಿ ಯಾವ ವರ್ಷ ಏನು ಮಾತು ಕೊಟ್ಟಿದ್ದನೆಂದು ತಾರೀಖಿನ ಸಮೇತ ಹೇಳುವ ನಾನು, ಎಡಬಲ ತಪ್ಪಿ ಬರೆದೆ. ಈ ತಪ್ಪು ಯಾವ ನಕ್ಷೆಯಲ್ಲೂ ಇಲ್ಲ. ನನ್ನ ಲೇಖನದಲ್ಲಿ ಇತ್ತು, ಈಗ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿದೆ. ಮೋಜಿಗೆ ಗುಡ್ಡದಲ್ಲಿ ಜೀಪು ಓಡಿಸುವವರನ್ನು ಹತ್ತು ವರ್ಷದಿಂದ ಪತ್ರಿಕೆಗಳಲ್ಲಿ ಬೈದವಳೇ ಅವರನ್ನು ಬಾಣಂತಿ ಕೋಣೆಗೆ ಕರೆದೊಯ್ದಿದ್ದೇನೆ.

ಓಡಿಸಲೇಬೇಡಿ ಎನ್ನುವುದಿಲ್ಲ. ನಿನ್ನ ಜೀಪಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟವಳು ನಾನೇ. ಮೈಯೆಲ್ಲ ಕೆಸರಾಗಿ ಬಂದ ದಿನ ನೀನು ನಗುವಂತೆ ಆಫೀಸಿನಿಂದ ಬಂದ ಯಾವ ದಿನವೂ ನಕ್ಕಿಲ್ಲ. ಆ ಗಣಿಯಲ್ಲಿ ನಿಮಗೆ ಬೇಕಾದದ್ದೆಲ್ಲ ಇದೆ: ಬಂಡೆ, ಹೊಂಡ, ಕೆಸರು. ಮರ ಒಂದೂ ಇಲ್ಲ. ಅದು ಅರಣ್ಯದ ಗಡಿಯ ಹೊರಗಿದೆ, ನಿಮ್ಮ ಜೀಪು ಕ್ಲಬ್ಬಿನವರು ಬರೆದು ಕೇಳಿದರೆ ದಿನ ಗೊತ್ತುಮಾಡಬಹುದು ಎನ್ನುತ್ತಾಳೆ ಸ್ನೇಹಲ್. ಅರ್ಜಿ ಬರೆದಿಟ್ಟಿದ್ದೇನೆ. ಮೊದಲ ಸಹಿ ನನ್ನದು. ಬೇಕಾದರೆ ನಗು.

ಆದರೆ ಈ ಭಾನುವಾರ? ನಿಮ್ಮ ಕ್ಲಬ್ಬಿನ ಪೋಸ್ಟರ್ ನನ್ನ ಫೋನಿಗೂ ಬಂದಿದೆ. ಬೆಳಿಗ್ಗೆ ಆರಕ್ಕೆ, ಇಪ್ಪತ್ತೆರಡು ಗಾಡಿ. ಅದೇ ಬಾಣಗಳು. ಹಳ್ಳದಲ್ಲಿ ಅಷ್ಟು ಎಂಜಿನ್ ಗರ್ಜಿಸಿದರೆ ಆ ತಾಯಿ ಇನ್ನೆಲ್ಲಿಗೆ ಓಡುತ್ತದೆ? ಕೆಳಕ್ಕೆ. ಕೆಳಗೆ ಆ ಹೊತ್ತಿಗೆ ಕೊಡ ಹಿಡಿದ ಹೆಂಗಸರ ಸಾಲು. "ಒಬ್ಬರಿಗೆ ಏನಾದರೂ ಆದರೆ ಬೋನು ತರುತ್ತಾರೆ ಆಂಟಿ, ಆಮೇಲೆ ಮರಿಗಳ ಗತಿ ನಾನು ಹೇಳಲಾರೆ" ಎಂದಳು ಸ್ನೇಹಲ್. ಇಡೀ ಇಳಿಜಾರು ಕಾಯಲು ಇರುವುದು ಅವಳೂ ಇನ್ನೊಬ್ಬ ಗಾರ್ಡೂ. ನಾಲ್ಕು ದಿನ ಬೇರೆ ಕಡೆ ನೀರು ಹಿಡಿಯಬಾರದೇ ಎಂದು ಭಾಗವ್ವನನ್ನು ಕೇಳಿದೆ. "ಎಲ್ಲೈತ್ರೀ ಬ್ಯಾರೇ ಕಡೆ? ನಿಮ್ಮ ಬಿಲ್ಡಿಂಗ್‌ದಾಗ ವಾಚ್‌ಮನ್ ಬಿಡ್ತಾನೇನು?" ಎಂದಳು.

ಗಾಡಿಗಳನ್ನು ನಿಲ್ಲಿಸು. ನನ್ನ ಮಾತು ಅವರು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾರೆ.

ಭಯದಲ್ಲಿರುವ ನಿನ್ನ ತಾಯಿ,
ವಿಮಲಾ

ಮರೆತ ಮಾತು: ಲೇಖನದ ವಿಷಯ ಸ್ನೇಹಲ್‌ಗೆ ಹೇಳಿದೆ. "ಅದು ಕನ್ನಡದಲ್ಲಿದೆಯಲ್ಲ ಆಂಟಿ, ಆ ಕ್ಲಬ್ಬಿನಲ್ಲಿ ಕನ್ನಡ ಓದುವವರು ಯಾರಿದ್ದಾರೆ?" ಎಂದಳು. ಗೊತ್ತಿಲ್ಲ ಎಂದೆ. ಊಟದ ಮೇಜಿನ ಮೇಲೆ ಸ್ಲೇಟು ಇಟ್ಟು, ನೀನು ಅಳುತ್ತಿದ್ದರೂ ಬಿಡದೆ ಕನ್ನಡ ಕಲಿಸಿದವಳು ನಾನು, ಗೊತ್ತಿಲ್ಲ ಎಂದೆ. ಶನಿವಾರ ಸಂಜೆಯವರೆಗೆ ಈ ಸುಳ್ಳನ್ನು ಹೊರುತ್ತೇನೆ, ಅದರಾಚೆಗೆ ಆಗದು, ಸ್ನೇಹಲ್‌ಗೆ ನಿನ್ನ ಹೆಸರು ಹೇಳುತ್ತೇನೆ. ಇವತ್ತು ಬೆಳಿಗ್ಗೆಯಿಂದ ಭಾಗವ್ವನ ಜೊತೆ ನಲ್ಲಿಗೆ ಹೋಗುತ್ತಿದ್ದೇನೆ. ಅವಳ ಎರಡನೇ ಕೊಡ ನನ್ನ ಕೈಯಲ್ಲಿ. ಭಾನುವಾರ ಆರು ಗಂಟೆಗೂ ಅಲ್ಲೇ ಇರುತ್ತೇನೆ.