ಕಳುವಾಗದ ರೇಡಿಯೋ

ಕಗ್ಗದಾಸಪುರ, ಬೆಂಗಳೂರು
೨೩ ಜನವರಿ ೨೦೦೨, ಬುಧವಾರ

ಪ್ರೀತಿಯ ಮಗಳು ಹಂಸಳಿಗೆ,

ನಿನ್ನ ಸೊಂಟದ ನೋವು ಈಗ ಹೇಗಿದೆ? ಅಳಿಯಂದಿರ ಕೆಮ್ಮು ನಿಂತಿತೇ? ಚಿಂತಾಮಣಿಯ ಚಳಿಯನ್ನು ನಾನು ಬಲ್ಲೆ, ಸೌಂದರ್ಯಾಳನ್ನು ಕಿವಿಗೆ ಬಟ್ಟೆ ಕಟ್ಟದೆ ಶಾಲೆಗೆ ಕಳಿಸಬೇಡ. ನೀನು ಕಳಿಸಿದ ಎಳ್ಳುಬೆಲ್ಲ ಬಂತು, ಡಬ್ಬಿ ಖಾಲಿ ಮಾಡಿದವನು ನಾನೇ. ನಿಮ್ಮಮ್ಮ ಚೆನ್ನಾಗಿದ್ದಾಳೆ. ನನ್ನ ಜೊತೆ ಮಾತ್ರ ಊಟಕ್ಕೆ ಕರೆಯುವಷ್ಟೇ ಮಾತು. ಅದಕ್ಕೆ ಕಾರಣ ಈ ಪತ್ರದಲ್ಲೇ ಇದೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಇದ್ದದ್ದು ಕೆಲಸ ಹೆಚ್ಚಿದ್ದಕ್ಕಲ್ಲ, ರಿಟೈರ್ ಆದವನಿಗೆ ಯಾವ ಕೆಲಸ? ನಿಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಶಿವಾಜಿನಗರದಿಂದ ಬಂದ ವಾಜಿದ್ ಎನ್ನುವವರು ಹೊಸದಾಗಿ ರಿಪೇರಿ ಅಂಗಡಿ ಇಟ್ಟಿದ್ದಾರೆ, ಟೇಪ್‌ರೆಕಾರ್ಡರ್ ಕೊಟ್ಟು, ಮಾತಿನ ಮಧ್ಯೆ ಅಪ್ಪನ ಹೆಸರು ಹೇಳಿದ್ದೇ ತಡ, "ಅವ್ರ ಮನೆ ಸಾಮಾನು ನಾನು ಮುಟ್ಟಲ್ಲಮ್ಮಾ" ಅಂತ ಹಾಗೇ ವಾಪಸ್ ಕೊಟ್ಟರು, ಯಾಕಪ್ಪಾ ಅಂತ ಕೇಳಿದ್ದೆಯಲ್ಲ. ಆ ಒಂದು ಸಾಲನ್ನು ಓದಿ ಪತ್ರವನ್ನು ಮಡಿಸಿ ಜೇಬಿಗಿಟ್ಟೆ. ವಾಜಿದ್ ಬೇರೆ ಯಾರೂ ಅಲ್ಲ, ಶಿವಾಜಿನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಸನಾವುಲ್ಲಾನ ತಂಗಿಯ ಮಗ. ಚಿಂತಾಮಣಿ ಅವನ ಹೆಂಡತಿಯ ತವರು. ಅವನು ಶಿವಾಜಿನಗರ ಬಿಟ್ಟು ಅಲ್ಲಿಗೆ ಬರುವ ಹಾಗೆ ಮಾಡಿದವನು ನಿನ್ನ ಅಪ್ಪ.

ನಮ್ಮ ಫಿಯೆಟ್ಟಿನ ರೇಡಿಯೋ ನಿನಗೆ ಗೊತ್ತು. ಗುಂಡಿ ತಿರುಗಿಸಿದ ಮೇಲೆ ಬಿಸಿಯಾಗಿ ಹಾಡುವುದಕ್ಕೆ ಅರ್ಧ ನಿಮಿಷ ಬೇಕಿತ್ತು, ಅಷ್ಟರಲ್ಲಿ ನೀನು ಹಿಂದಿನ ಸೀಟಿನಿಂದ "ಬಂತಾ, ಬಂತಾ" ಅಂತ ಹತ್ತು ಸಲ ಕೇಳಿರುತ್ತಿದ್ದೆ. ಮೂವತ್ತು ವರ್ಷ ಅದನ್ನು ಬದುಕಿಸಿದವನು ಸನಾವುಲ್ಲಾ. ಹೋದ ವರ್ಷ ಅದರ ಒಂದು ವಾಲ್ವ್, ಒಳಗೆ ಬಿಸಿಯಾಗುವ ಗಾಜಿನ ಬುರುಡೆ, ಸುಟ್ಟಾಗ ಇಲ್ಲೆಲ್ಲೂ ಸಿಗದೆ, ರೈಲು ಹತ್ತಿ ಮದ್ರಾಸಿಗೆ ಹೋಗಿ ಹುಡುಕಿ ತಂದ ಮಹಾರಾಯ. ರಿಪೇರಿ ಮಾಡಿದ ಸೆಟ್ಟಿನ ಮುಚ್ಚಳದ ಒಳಗೆ ಸೂಜಿಯಿಂದ ಯಜಮಾನನ ಹೆಸರು, ತಾರೀಖು ಗೀಚುವುದು ಅವನ ಪದ್ಧತಿ. ನಮ್ಮದರಲ್ಲಿ ಹನ್ನೊಂದು ಗೀಚುಗಳಿದ್ದವು. ಆಯುಧಪೂಜೆಗೆ ನಿಮ್ಮಮ್ಮ ಇಡುವ ಕುಂಕುಮವನ್ನು ಕೂಡ ಅಳಿಸದೆ, ಸುತ್ತ ಒರೆಸಿ ಕೊಡುತ್ತಿದ್ದ. "ಅಕ್ಕ ಇಟ್ಟಿದ್ದು, ನಾನ್ಯಾಕೆ ಅಳಿಸ್ಲಿ" ಅನ್ನುತ್ತಿದ್ದ.

ಹೋದ ವರ್ಷ ಊರಿಗೆಲ್ಲ ಎಫ್‌ಎಂ ಹುಚ್ಚು ಹಿಡಿಯಿತು. ನಮ್ಮ ರೇಡಿಯೋಗೆ ಅದು ಸಿಗುವುದಿಲ್ಲ. ಸೌಂದರ್ಯಾ ಬಂದಿದ್ದಾಗ "ತಾತನ ರೇಡಿಯೋಗೆ ನೆಗಡಿ" ಅಂತ ನಕ್ಕಳು. ಮಗುವಿನ ಮೇಲೆ ಯಾಕೆ ಹಾಕಲಿ, ಶೋಕಿ ನನ್ನದೇ. ದಸರೆಗೆ ಮುಂಚೆ, ಸನಾವುಲ್ಲಾನಿಗೆ ಒಂದು ಮಾತೂ ಹೇಳದೆ, ಇಂದಿರಾನಗರದ ಒಂದು ಗಾಜಿನ ಅಂಗಡಿಗೆ ಕಾರು ಒಯ್ದೆ. ಹಳೆಯದು ಕೊಡಿ, ಹೊಸದು ಒಯ್ಯಿರಿ ಅಂದರು. ಡ್ಯಾಶ್‌ಬೋರ್ಡಿನ ತಗಡನ್ನು ಕತ್ತರಿಸಿ ನೀಲಿ ದೀಪದ ಸ್ಟೀರಿಯೋ ಕೂರಿಸಿದರು. ನಮ್ಮ ರೇಡಿಯೋವನ್ನು ಮೂಲೆಯ ರಾಶಿಗೆ ಎಸೆದರು. ಢಬ್ ಅಂತ ಸದ್ದಾಯಿತು. ನಾನು ಕೇಳಿಸದವನ ಹಾಗೆ ಹೊಸದರ ಗುಂಡಿ ಒತ್ತುತ್ತಾ ಕೂತಿದ್ದೆ.

ಆ ರಾಶಿಯನ್ನು ಕೊಂಡವನು ವಾಜಿದ್. ಅಂಗಡಿಗಳ ಹಳೆ ಸೆಟ್ಟುಗಳನ್ನು ಕೊಂಡು, ಮಾವನ ಅಂಗಡಿಯಲ್ಲೇ ಕೂತು ಸರಿಮಾಡಿ ಮಾರುವುದು ಅವನ ಕಸುಬು. ಸನಾವುಲ್ಲಾ ಮುಚ್ಚಳ ಬಿಚ್ಚಿ ನೋಡಿದರೆ, ತನ್ನದೇ ಕೈಬರಹ! ಆಯುಧಪೂಜೆಯ ಮಾರನೇ ದಿನ ರೇಡಿಯೋವನ್ನು ಟವಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. "ಅಣ್ಣಾ, ವಾಜಿದ್ ಯಾವ್ದೋ ಅಂಗಡೀಲಿ ತಗೊಂಡೆ ಅಂತಾನೆ. ನೀವೇ ಕೊಟ್ರಾ?" ಎಂದ. ಕಾರು ಹೊದಿಕೆಯ ಕೆಳಗಿತ್ತು, ಹೊಸ ಸ್ಟೀರಿಯೋ ಅವನಿಗೆ ಕಾಣುವಂತಿರಲಿಲ್ಲ. ಹೌದಪ್ಪಾ, ನಾನೇ ಕೊಟ್ಟೆ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಮದ್ರಾಸಿನ ಆ ವಾಲ್ವ್ ನೆನಪಾಯಿತು, ನಾಲಿಗೆ ತಿರುಗಿಬಿಟ್ಟಿತು. "ನಾನ್ಯಾಕಪ್ಪಾ ಕೊಡ್ಲಿ, ಯಾರೋ ಕಾರಿಂದ ಕಿತ್ಕೊಂಡು ಹೋಗ್ಬಿಟ್ರು" ಅಂದೆ. ಅಂದೆ ಕಣಮ್ಮಾ. ಈ ಬಾಯಿಂದಲೇ ಅಂದೆ.

ಅವನ ಮುಖ ಕಪ್ಪಿಟ್ಟಿತು. ರೇಡಿಯೋವನ್ನು ಜಗುಲಿಯ ಮೇಲಿಟ್ಟು, ಕಾಫಿ ಕೂಡ ಮುಟ್ಟದೆ ಹೋದ. ಸಂಜೆಯೇ ವಾಜಿದನನ್ನು ಬಿಲ್ ಎಲ್ಲಿ ಅಂತ ಕೇಳಿದನಂತೆ. ಗುಜರಿಗೆ ಬಿಲ್ ಯಾರು ಕೊಡುತ್ತಾರೆ? ಕದ್ದ ಮಾಲನ್ನು ನನ್ನ ಅಂಗಡಿಗೆ ತಂದೆಯಾ ಅಂತ ಎರಡು ಮಕ್ಕಳ ತಂದೆಯನ್ನು ಬೀದಿಯಲ್ಲಿ ಎಲ್ಲರೆದುರು ಹೊರಗೆ ಹಾಕಿದ. ಆಮೇಲೆ ಆ ಬೀದಿಯಲ್ಲಿ ಯಾರೂ ವಾಜಿದನಿಗೆ ಮಾಲು ಕೊಡಲಿಲ್ಲ. ಇದನ್ನೆಲ್ಲ ನನಗೆ ಸನಾವುಲ್ಲಾನೇ ಹೇಳಿದ, ಹೇಳಿ ನನ್ನ ಕ್ಷಮೆ ಕೇಳಿದ! ನಾನು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅವನದೇ ಚಹಾ ಕುಡಿಯುತ್ತಾ, "ಹೋಗ್ಲಿ ಬಿಡಪ್ಪಾ" ಅಂದೆ. ದೊಡ್ಡ ಮನುಷ್ಯನ ಹಾಗೆ!

ನಿಮ್ಮಮ್ಮ ಅವತ್ತು ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. "ನಿಮ್ ಕಾರಲ್ಲಿ ನಾನು ಕೂರಲ್ಲ" ಎಂದು ಒಂದೇ ಮಾತು ಹೇಳಿದಳು. ಹಲಸೂರಿನ ಸೋಮೇಶ್ವರನ ಗುಡಿಗೆ ಈಗ ಬಸ್ಸಿನಲ್ಲಿ ಹೋಗುತ್ತಾಳೆ. ನಾನು ಫೋನಿನಲ್ಲಿ ನಿನಗೂ ಕಳುವಾಯಿತು ಅಂತಲೇ ಹೇಳಿದ್ದೆ, ನೀನು ಆ ಕಳ್ಳನ ಕೈ ಸೇದಿಹೋಗಲಿ ಅಂತ ಶಪಿಸಿದ್ದೆ. ಆ ಶಾಪ ಯಾರಿಗೆ ತಗಲಬೇಕಿತ್ತು ಅಂತ ಈಗ ನಿನಗೆ ತಿಳಿಯಿತಲ್ಲ. ನಿನ್ನ ಪತ್ರ ಬಂದ ಮೇಲೆ ಮೂರು ಸಲ ಶಿವಾಜಿನಗರಕ್ಕೆ ಹೋದೆ, ಮೂರು ಸಲವೂ ಚಹಾ ಕುಡಿದು ಹಾಗೇ ಬಂದೆ. ರಿಟೈರ್ ಆಗುವ ತನಕ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆದವನು, ಒಬ್ಬ ಗೆಳೆಯನ ಎದುರು ಒಂದು ನಿಜ ಹೇಳಲಾಗದೆ ಬೆವರುತ್ತೇನೆ. ನಾಚಿಕೆಯಾಗುತ್ತದೆ ಹಂಸಾ. ಮಗಳಿಗೆ ಬರೆಯಲೂ ನಾಚಿಕೆ, ಬರೆಯದಿರಲೂ ನಾಚಿಕೆ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಈ ಪತ್ರವನ್ನು ಅವರು ಓದಿದರೂ ಓದಲಿ. ಸೌಂದರ್ಯಾಳಿಗೆ ತಾತನ ಮುತ್ತು. ನೀವು ಮೂವರೂ ತಲೆ ಎತ್ತಿಕೊಂಡು ಬಾಳುವಂತಾಗಲಿ.

ನಿನ್ನ ಅಪ್ಪ,
ಮುನಿವೆಂಕಟಪ್ಪ

ಮತ್ತೆ ಸೇರಿಸಿದ್ದು, ಗುರುವಾರ ಮಧ್ಯಾಹ್ನ: ಪತ್ರವನ್ನು ಅಂಚೆ ಡಬ್ಬಿಗೆ ಹಾಕಲು ಹೊರಟವನು ಹಾಗೇ ಶಿವಾಜಿನಗರಕ್ಕೆ ಹೋಗಿ ಹೇಳಿಬಿಟ್ಟೆ. ಸನಾವುಲ್ಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಂಗಿ ಮಗನ ಮಾತು ಬಿಟ್ಟು ನಿಮ್ಮ ಮಾತು ನಂಬ್ದೆ ಅಣ್ಣಾ" ಅಂದ, ಅಷ್ಟೇ. ಚಹಾ ತರಿಸಲಿಲ್ಲ. ಮುಂದಿನ ವಾರದ ಭಾನುವಾರ ನಾನೂ ಅವನೂ ಕಾರಿನಲ್ಲಿ ಅಲ್ಲಿಗೆ ಬರುತ್ತೇವೆ. ಯಾವಾಗಲೂ ನನ್ನ ಪಕ್ಕ ಕೂತು ರೇಡಿಯೋ ತಿರುಗಿಸುತ್ತಿದ್ದವನು ಈ ಸಲ ಹಿಂದೆ ಕೂರುತ್ತಾನಂತೆ. ವಾಜಿದನಿಗೆ ಮೊದಲೇ ಹೇಳಬೇಡ, ಅಂಗಡಿ ಮುಚ್ಚಿಕೊಂಡು ಹೋದಾನು. ಅವನ ಎದುರು, ಬೀದಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ನಾನೇ ಹೇಳಬೇಕು. ನಿನ್ನ ಟೇಪ್‌ರೆಕಾರ್ಡರನ್ನು ಬೇರೆ ಯಾರಿಗೂ ರಿಪೇರಿಗೆ ಕೊಡದೆ, ಒರೆಸಿ ಇಟ್ಟಿರು. ಅದನ್ನು ಅವನು ಕೈಗೆ ತೆಗೆದುಕೊಂಡರೆ ಸಾಕು.