ಹಿಡಿ ಅಂದ್ರ ಹಿಡಿ

ಜಯನಗರ ನಾಲ್ಕನೇ ಬ್ಲಾಕ್,
ಭಾನುವಾರ, ೧೬ ನವೆಂಬರ್ ೨೦೨೫

ಪ್ರಿಯ ಬಸವಂತ,

ಸಮಸ್ತ ಜಯನಗರಕ್ಕೆ ತಿಳಿಯಪಡಿಸುವುದೇನೆಂದರೆ, ಹಿಮಾಲಯದಲ್ಲಿ ಆರು ಸಾವಿರ ಮೀಟರ್ ಏರಿ ಕಪ್ಪಾಗಿದ್ದ ನನ್ನ ಬಲಗಾಲ ಹೆಬ್ಬೆರಳಿನ ಉಗುರು ಇಂದು ಬೆಳಗ್ಗೆ ಏಳೂವರೆಗೆ ಬಚ್ಚಲುಮನೆಯಲ್ಲಿ ನಮ್ಮನ್ನಗಲಿತು. ಅಮ್ಮ ಪೊರಕೆಸಮೇತ ಬಂದು ಅಂತಿಮ ದರ್ಶನ ಪಡೆದರು. "ಥೂ, ಆಚೆ ಬಿಸಾಕೋ ಅದನ್ನ!" ಎಂಬುದೇ ಶ್ರದ್ಧಾಂಜಲಿ.

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸು. ತಿಲಕ್ ನಗರ ದಾಟಿದರೆ ಬಿಟಿಎಂ, ನಿನ್ನ ರೂಮು. ಆದರೂ ನೀನು ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಮ್ಮೆಯೂ ಬರಲಿಲ್ಲ. ನನ್ನ ಅಂಗೈಗಳ ಬ್ಯಾಂಡೇಜು ಬಿಚ್ಚಿ ಹತ್ತು ದಿನವಾಯಿತು. ಆ ನೆಪವೂ ತೀರಿತು.

ನಮ್ಮ ತಾಲೀಮು ನೆನಪಿದೆಯಾ? ಇಪ್ಪತ್ತು ಕಿಲೋ ಸೋನಾಮಸೂರಿ ಬೆನ್ನಿಗೇರಿಸಿ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಳಿಯುತ್ತಿದ್ದರೆ, ಮೂರನೇ ಮಹಡಿಯ ಅಮ್ಮಣ್ಣಿ ಆಂಟಿ "ಏನಪ್ಪಾ, ಎಲ್ರ ಮನೆಗೂ ಹಾಕ್ತೀರಾ?" ಎಂದಿದ್ದರು. ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಹಗ್ಗ ಬಿಗಿದು ನೀನು ಕಾನೂನು ಹೊರಡಿಸಿದ್ದೆ: "ಎರಡ ಮಾತು. ಹಿಡಿ ಅಂದ್ರ ಹಿಡಿ. ಕಾಲ್ ಊರಿದ ಮ್ಯಾಲೆ ಬಿಡು ಅಂತೀನಿ, ಬಿಡು. ಮೂರನೇ ಮಾತ ಬ್ಯಾಡ."

ಶಿಖರದಿಂದ ಇಳಿಯುವಾಗ ಕಾನೂನು ಮುರಿದವನು ನೀನೇ. ಗೈಡ್ ಕೆಳಗೆ ದಾರಿ ಮಾಡುತ್ತಿದ್ದ. ನಾನು ಹಿಮದಲ್ಲಿ ಗುಂಡಿ ತೋಡಿ ಕೂತು, ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಹಾಕಿ ನಿನ್ನನ್ನು ಇಳಿಸುತ್ತಿದ್ದೆ. ಅಂಚು ದಾಟಿ ನೀನು ಮರೆಯಾದೆ, ಅಷ್ಟರಲ್ಲೇ ಜಾರಿದೆ. ಹಗ್ಗ ಕೈಗವಸು ಸೀಳಿ, ನನ್ನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಹೇಗೋ ತಡೆದೆ. ಆಗ ನಿನ್ನ ಕೂಗು: "ಬಿಡಬ್ಯಾಡಲೇ!" ಗಾಳಿ ಬಾಲ ತಿಂದು "ಬಿಡ" ಎಂಬ ತಲೆ ಮಾತ್ರ ನನಗೆ ತಲುಪಿಸಿತು. ಕಾಲು ಊರಿದೆಯೆಂದುಕೊಂಡು ಬಿಟ್ಟೆ.

ನಲವತ್ತು ಅಡಿ, ನೀನು ಬಂಡೆಯಿಂದ ಬಂಡೆಗೆ ಬಡಿಯುತ್ತ ಹೋದೆ. ಹೆಲ್ಮೆಟ್ಟು ಎರಡು ಹೋಳು. ನಿನ್ನ ಐಸ್ ಆಕ್ಸಿನ ಮೊನೆ ನಿನ್ನ ತೊಡೆಯಲ್ಲೇ ನಾಟಿತ್ತು. ತಿರುಚಿದ ಮೊಣಕಾಲನ್ನು ಗೈಡ್ ನೇರ ಮಾಡಿದಾಗ ಬಂದ ಸದ್ದಿನಿಂದಾಗಿ, ಅಮ್ಮ ನುಗ್ಗೆಕಾಯಿ ಮುರಿದರೆ ನಾನು ಇಂದಿಗೂ ಎದ್ದು ಹೊರಗೆ ಹೋಗುತ್ತೇನೆ.

ವಾರ್ಡಿನಲ್ಲಿ ಮೂರು ಹಲ್ಲಿಲ್ಲದ ಬಾಯಲ್ಲಿ ನೀನು ನಕ್ಕೆ: "ತಪ್ಪು ನಂದ ಲೇ. 'ಹಿಡಿ' ಅಂದಿದ್ರ ಮುಗೀತಿತ್ತು." ನಿನ್ನ ಆರೈಕೆಗೆಂದು ಊರಿಂದ ಬಂದ ನಿಮ್ಮವ್ವ ರೇಣವ್ವ ನನ್ನ ಬ್ಯಾಂಡೇಜು ಕೈಗಳನ್ನು ಕಣ್ಣಿಗೊತ್ತಿಕೊಂಡು, "ಈ ಕೈಯಿಂದ ನನ್ನ ಮಗ ಉಳದಾನಪಾ" ಎಂದರು. ಮೊನ್ನೆ ನಿನ್ನ ಮೆಸೇಜು: "ಮುಂದಿನ ವರ್ಷ ಮತ್ತ ಹೋಗೋಣು. ಹಗ್ಗ ನೀನ ಹಿಡೀಬೇಕು."

ಬೇಗ ನಡೆಯುವಂತಾಗು. ಕಟ್ಟಿಸಿಕೊಳ್ಳುವ ಹಲ್ಲುಗಳು ನೂರು ವರ್ಷ ಕಡಕ್ ರೊಟ್ಟಿ ಮುರಿಯಲಿ.

ನಿನ್ನ,
ನಚಿಕೇತ

ತಾ.ಕ.: ಆ ಮಧ್ಯಾಹ್ನ ಗಾಳಿ ಇರಲಿಲ್ಲ. "ಬ್ಯಾಡ" ಕೇಳಿಸಿತು, "ಲೇ" ಕೂಡ ಕೇಳಿಸಿತು. ಗುಂಡಿ ಕುಸಿದು ನಾನೂ ಅಂಚಿಗೆ ಜಾರುತ್ತಿದ್ದೆ. ಕೇಳಿಸಿಕೊಂಡೇ ಬಿಟ್ಟೆ. ಮುಂದಿನ ವರ್ಷ ಹಗ್ಗ ಯಾರ ಕೈಗೆ ಕೊಡಬೇಕೆಂದು ಯೋಚಿಸುವ ಮೊದಲು ಇದು ನಿನಗೆ ಗೊತ್ತಿರಲಿ.

ಒಂದು ಸಣ್ಣ ಉಪಕಾರ. ರೇಣವ್ವ ಪ್ರತಿ ಶನಿವಾರ ನನಗೆಂದು ಶೇಂಗಾ ಹೋಳಿಗೆ ಕಳಿಸುತ್ತಿದ್ದಾರೆ. ನಿಲ್ಲಿಸಲು ಹೇಳು, ಡಬ್ಬಿ ಈ ಪತ್ರದ ಜೊತೆಗಿದೆ. ಕಾರಣ ಏನು ಹೇಳುವುದೆಂಬುದು ನಿನಗೆ ಬಿಟ್ಟದ್ದು.